ಮಾಸ್ತರರ ಷರಾ ಕಾಲಮ್ಮು

ಬೇರೆಯವರ ಗುಟ್ಟುಗಳನ್ನು ನಿಮಿಷಕ್ಕೆ ನಲವತ್ತೈದು ಪದಗಳ ವೇಗದಲ್ಲಿ ಹೊಡೆದು ಹೊಟ್ಟೆ ಹೊರೆದವಳು ನಾನು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ಊರುಗಳಲ್ಲಿ ನನ್ನನ್ನು ‘ಟೈಪಿಂಗ್ ಶಾಂತಾಬಾಯಿ’ ಎಂದೇ ಕರೆಯುತ್ತಿದ್ದರು. ಈಗ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೇನೆ. ನಮ್ಮ ಓಣಿಯ ತುದಿಗೆ ಒಂದು ಕಂಪ್ಯೂಟರ್ ರಿಪೇರಿ ಅಂಗಡಿ ಆಗಿದೆ. ಹಳೆಯ ಕಂಪ್ಯೂಟರ್ ಮಾರುವವರು ಅಲ್ಲಿಗೆ ಬಂದು, ‘ಒಳಗಿಂದೆಲ್ಲಾ ಅಳಸಿ ಕೊಡ್ರಿ’ ಅನ್ನುತ್ತಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಒಂದು ಗುಂಡಿ ಒತ್ತಿ, ‘ಆತ್ರಿ’ ಅನ್ನುತ್ತಾರೆ. ಅವರ ಧೈರ್ಯ ಕಂಡು ಗಾಬರಿಯಾಗಿ ಇದನ್ನು ಬರೆಯಲು ಕೂತೆ. ನನಗೆ ಎಷ್ಟು ಸಲ ಬಡ್ತಿ ಸಿಕ್ಕಿತು ಎಂದು ಮಾತ್ರ ಕೇಳಬೇಡಿ. ಖಾಸಗಿ ಟೈಪಿಸ್ಟಿಗೆ ಬಡ್ತಿ ಎಂದರೆ ಕಾಲು ಮುರಿದ ಕುರ್ಚಿ ಹೋಗಿ ನಾಲ್ಕೂ ಕಾಲಿರುವ ಕುರ್ಚಿ ಬರುವುದು. ಅದು ಬಂದದ್ದು ಒಂದೇ ಸಲ.

ಮೊದಲ ಕೆಲಸ ಎಪ್ಪತ್ತರ ದಶಕದಲ್ಲಿ, ಆಳಂದದ ಒಬ್ಬ ವಕೀಲರ ಬಳಿ. ಗುಟ್ಟು ಕಾಯುವುದರಲ್ಲಿ ತಮ್ಮಂಥವರಿಲ್ಲ ಎಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಕಕ್ಷಿದಾರರ ಕಾಗದಗಳಿಗೆಂದು ಕಬ್ಬಿಣದ ಅಲಮಾರಿ ತರಿಸಿ, ಅದಕ್ಕೆ ಹಿತ್ತಾಳೆಯ ದೊಡ್ಡ ಬೀಗ ಹಾಕಿ, ಬೀಗದ ಕೈಯನ್ನು ಅಲಮಾರಿಯ ಪಕ್ಕದ ಮೊಳೆಗೇ ತೂಗುಹಾಕಿದ್ದರು. ಬೇರೆ ಎಲ್ಲಾದರೂ ಇಟ್ಟರೆ ಕಳೆದುಹೋಗುತ್ತದಲ್ಲ. ಕಕ್ಷಿದಾರ ಬಂದು ಕೂತರೆ ಪಿಸುದನಿಯಲ್ಲಿ ಮಾತಾಡುವರು. ಅವನು ಎದ್ದು ಹೋದ ಮೇಲೆ ನನಗೆ ಡಿಕ್ಟೇಶನ್ ಕೊಡುವಾಗ ಮಾತ್ರ, ಎದುರಿನ ಚಹಾದಂಗಡಿಯವನು ಕಪ್ಪು ತೊಳೆಯುವುದು ಬಿಟ್ಟು ಕಿವಿಗೊಡುವಷ್ಟು ಗಟ್ಟಿಯಾಗಿ ಹೇಳುವರು.

ಆಗ ಒಂದು ಮೂಲ ಪ್ರತಿ, ಮೂರು ನಕಲು ತೆಗೆಯುವ ಪದ್ಧತಿ. ಹಾಳೆಗಳ ನಡುವೆ ಕಾರ್ಬನ್ ಇಟ್ಟು ಟೈಪ್ ಹೊಡೆಯಬೇಕು. ಹೊಸ ಕಾರ್ಬನ್ನಿನ ಮೇಲೆ ಮೊದಲ ಸಲ ಹೊಡೆದದ್ದು, ಬೆಳಕಿಗೆ ಹಿಡಿದರೆ, ಅಕ್ಷರ ಅಕ್ಷರವೂ ಓದಲು ಬರುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದೇನಲ್ಲ. ಗೊತ್ತಿದ್ದೂ ಬಳಸಿದ ಕಾರ್ಬನ್ನನ್ನು ಬುಟ್ಟಿಗೆ ಎಸೆಯುತ್ತಿದ್ದೆ. ಕಸ ಗುಡಿಸುವವಳು ಬುಟ್ಟಿಯಲ್ಲಿದ್ದ ರದ್ದಿಯನ್ನು ಭಜಿ ಅಂಗಡಿಗೆ ಕೊಡುತ್ತಿದ್ದಳು.

ಸರಸಂಬಾದ ಅಣ್ಣತಮ್ಮಂದಿರ ಹೊಲದ ಪಾಲಿನ ವ್ಯಾಜ್ಯ ಬಂದಿತ್ತು. ತಮ್ಮನ ಕಡೆಯವರು ನಾವು. ಅಣ್ಣನಿಗೆ ಸುಳಿವು ಸಿಗದಂತೆ ಮೊದಲು ಕೋರ್ಟಿನಲ್ಲಿ ತಡೆ ತಂದು, ಆಮೇಲೆ ನೋಟೀಸು ಕಳಿಸಬೇಕೆಂದು ವಕೀಲರು ಉಪಾಯ ಮಾಡಿದ್ದರು. ಅದಕ್ಕೆ ಬೇಕಾದದ್ದನ್ನೆಲ್ಲ ನಾನು ಹೊಸ ಕಾರ್ಬನ್ನಿನಲ್ಲಿ ಚೆಂದಾಗಿ ಹೊಡೆದೆ. ಮರುದಿನ ಬೆಳಿಗ್ಗೆ ನಾವು ಬಾಗಿಲು ತೆಗೆಯುವ ಮೊದಲೇ ಆ ಅಣ್ಣ ಕಟ್ಟೆಯ ಮೇಲೆ ಕೂತಿದ್ದ. ಕೈಯಲ್ಲಿ ಎಣ್ಣೆ ಹತ್ತಿದ ಕಪ್ಪು ಹಾಳೆ. ಒಳಗೆ ಬಂದು ಅದನ್ನು ಕಿಟಕಿಗೆ ಹಿಡಿದು, ನಾನು ಮಾಡಿದ ತಪ್ಪುಗಳನ್ನೂ ಬಿಡದೆ, ಮೊದಲಿನಿಂದ ಕೊನೆಯವರೆಗೆ ಓದಿದ.

“ವಕೀಲಸಾಬ್, ನೋಟೀಸ್ ಕಳಸೋ ತ್ರಾಸ ತೊಗೋಬ್ಯಾಡ್ರಿ,” ಅಂದ. “ನಿನ್ನೆ ಭಜಿ ಜೋಡಿ ಬಂದು ಮುಟ್ಯದ.”

ವಕೀಲರು ಅಂದೇ ಕ್ರಮ ಕೈಗೊಂಡರು. ಅಲಮಾರಿಗೆ ಎರಡನೆಯ ಬೀಗ ಬಂತು, ಗೋಡೆಗೆ ಎರಡನೆಯ ಮೊಳೆ ಬಂತು. ನನಗೆ ಬೈಗುಳ ಬಂದವು, ಅವು ನ್ಯಾಯವಾಗಿಯೇ ಬಂದವು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವಂತೆ ನಾನೂ ಅಂದಿನಿಂದ ಕಾರ್ಬನ್ನುಗಳನ್ನು ಮನೆಗೆ ಒಯ್ದು ಸ್ನಾನದ ನೀರಿನ ಒಲೆಗೆ ಹಾಕತೊಡಗಿದೆ. ಸರಸಂಬಾದ ತಮ್ಮ ಮತ್ತೆ ನಮ್ಮ ಕಚೇರಿಯ ಮೆಟ್ಟಿಲು ಹತ್ತಲಿಲ್ಲ. ಅವನ ಮುಖ ನೆನಪಾದರೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಆಳಂದ ಬಿಟ್ಟು ಅಫಜಲಪುರಕ್ಕೆ ಯಾಕೆ ಬಂದೆ ಎಂಬುದನ್ನು ಬರೆಯುವುದಿಲ್ಲ. ಅದನ್ನು ಊರಿನವರು ನನಗಿಂತ ಚೆನ್ನಾಗಿ ಬಲ್ಲರು, ಬೇಕಿದ್ದರೆ ಅವರನ್ನೇ ಕೇಳಿ.

ಅಫಜಲಪುರದಲ್ಲಿ ಖಾಜಾಸಾಬ ಎನ್ನುವವರ ಟೈಪಿಂಗ್ ಮತ್ತು ಸೈಕ್ಲೋಸ್ಟೈಲ್ ಅಂಗಡಿಯಲ್ಲಿ ಸೇರಿದೆ. ನಾನು ಕಂಡ ಮಾಲೀಕರಲ್ಲಿ ಕೆಲಸ ಗೊತ್ತಿದ್ದವರು ಅವರೊಬ್ಬರೇ. ಹಾಗಾಗಿಯೇ ಅವರ ಅಂಗಡಿ ಏಳಿಗೆಯಾಗಲಿಲ್ಲ ಎಂದು ಕಾಣುತ್ತದೆ. ಅಲ್ಲಿ ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಟೈಪ್ ಹೊಡೆದು, ಅದನ್ನು ಉರುಳೆಗೆ ಸುತ್ತಿ, ನೂರಾರು ಪ್ರತಿ ತೆಗೆಯುತ್ತಿದ್ದೆವು. ಒಂದು ಶಾಲೆಯವರು ಪರೀಕ್ಷೆಯ ಪ್ರಶ್ನೆಪತ್ರಿಕೆ ಮಾಡಿಸಿಕೊಂಡು ಹೋದರು. ಕೆಲಸ ಮುಗಿದ ಮೇಲೆ ಸ್ಟೆನ್ಸಿಲ್ಲಿನ ಅಕ್ಷರಗಳ ಮೇಲೆಲ್ಲ ತಪ್ಪು ತಿದ್ದುವ ಕೆಂಪು ದ್ರವ ಬಳಿದು, ಏನೂ ಕಾಣುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಹಿಂದಿನ ತಿಪ್ಪೆಗೆ ಎಸೆದೆ. ಆ ದ್ರವ ಒಣಗಿದ ಮೇಲೆ ಉಗುರಿನಿಂದ ಕೆರೆದರೆ ಸಿಪ್ಪೆಯಂತೆ ಏಳುತ್ತದೆ. ಆ ವರ್ಷ ಆ ಶಾಲೆಯಲ್ಲಿ ನಪಾಸಾದವರು ಯಾರೂ ಇರಲಿಲ್ಲ. ಹೆಡ್ ಮಾಸ್ತರರಿಗೆ ಅದಕ್ಕಾಗಿ ಶಾಲು ಹೊದಿಸಿ ಸನ್ಮಾನ ಮಾಡಿದರು.

ಖಾಜಾಸಾಬರು ಬೈಯಲಿಲ್ಲ. ತಿಪ್ಪೆಯಿಂದ ಆ ಹಾಳೆಯ ಚೂರು ಹುಡುಕಿ ತಂದು ನನ್ನ ಮೇಜಿನ ಮೇಲೆ ಇಟ್ಟರು.

“ಬೇಟಿ, ಕಾಣದಂಗ ಮಾಡೋದು ಬ್ಯಾರೆ, ಇಲ್ಲದಂಗ ಮಾಡೋದು ಬ್ಯಾರೆ,” ಅಂದರು.

ಅವರು ಕಲಿಸಿದ್ದು ಇನ್ನೊಂದಿದೆ. ಅಕ್ಷರ ಕಣ್ಣಿನಿಂದ ನೇರ ಬೆರಳಿಗೆ ಹೋಗಬೇಕು, ನಡುವೆ ತಲೆಯಲ್ಲಿ ಸ್ಟಾಪ್ ಕೊಡಬಾರದು, ಕೊಟ್ಟರೆ ಮಂದಿ ಅಲ್ಲಿ ಇಳಿದು ಮನೆ ಕಟ್ಟುತ್ತಾರೆ ಎನ್ನುತ್ತಿದ್ದರು. ಆ ವಿದ್ಯೆ ನನಗೆ ಪೂರ್ತಿ ಕೈವಶವಾಗಿದೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಹಾಗೆಂದು ಹತ್ತಾರು ಜನರಿಗೆ ಹೇಳಿಕೊಂಡೂ ಇದ್ದೆ.

ತೊಂಬತ್ತರ ದಶಕದಲ್ಲಿ ಜೇವರ್ಗಿಗೆ ಬಂದೆ. ಆಗಲೇ ಕಂಪ್ಯೂಟರ್ ಬಂತು. ನಾನು ಸೇರಿದ ಕಂಪ್ಯೂಟರ್ ಸೆಂಟರಿನಲ್ಲಿ ದೇವರ ಮನೆಗಿಂತ ಹೆಚ್ಚಿನ ಮಡಿ. ಚಪ್ಪಲಿ ಹೊರಗೆ, ಚಹಾ ಹೊರಗೆ, ಸೀನು ಬಂದರೆ ಅದೂ ಹೊರಗೆ. ಕಲಿಸುವವನಿಗೆ ನನ್ನ ಅರ್ಧ ವಯಸ್ಸು, ಕೊರಳಲ್ಲಿ ಟೈ. ಅಳಿಸುವ ಕಮಾಂಡ್ ಹೇಳಿಕೊಟ್ಟು, ಒಮ್ಮೆ ಒತ್ತಿದರೆ ಮುಗಿಯಿತು, ಬ್ರಹ್ಮನಿಗೂ ಸಿಗುವುದಿಲ್ಲ ಎಂದ. ನಾನು ನಂಬಿದೆ. ಟೈ ಕಟ್ಟಿಕೊಂಡವರು ಸುಳ್ಳು ಹೇಳುತ್ತಾರೆಯೇ?

ಒಂದು ದಿನ ಮಾಲೀಕನ ಮೇಲೆ ಸಿಟ್ಟು ಬಂದು, ಅವನ ಗುಣಗಳನ್ನೆಲ್ಲ ಒಂದೊಂದಾಗಿ ವರ್ಣಿಸಿ ಅದೇ ಕಂಪ್ಯೂಟರಿನಲ್ಲಿ ರಾಜೀನಾಮೆ ಬರೆದೆ. ಬರೆದ ಮೇಲೆ ಮನಸ್ಸು ಹಗುರಾಯಿತು, ಅಳಿಸಿದೆ. ಮೂರು ದಿನದ ನಂತರ ಮಾಲೀಕ ಅದನ್ನು ಪ್ರಿಂಟ್ ತೆಗೆದು ತಂದು ನನ್ನ ಮುಂದೆ ಹಿಡಿದ. ಅಳಿಸಿದ್ದನ್ನು ವಾಪಸು ತರುವ ಕಮಾಂಡೂ ಇದೆ, ಅದು ಫೈಲಿನ ಹೆಸರಿನ ಮೊದಲ ಅಕ್ಷರ ಒಂದನ್ನು ಮಾತ್ರ ಕೇಳುತ್ತದೆ, ಉಳಿದದ್ದೆಲ್ಲ ಅದಕ್ಕೇ ನೆನಪಿರುತ್ತದೆ ಎಂದು ನನಗೆ ತಿಳಿದದ್ದು ಅಂದು. ಮತದಾರರ ಪಟ್ಟಿಯಿಂದ ಹೆಸರು ತೆಗೆದರೆ ಮನುಷ್ಯ ಸಾಯುವುದಿಲ್ಲ, ಕಟ್ಟೆಯ ಮೇಲೆ ಕೂತೇ ಇರುತ್ತಾನೆ. ಕಂಪ್ಯೂಟರಿನಲ್ಲೂ ಅಷ್ಟೇ. ಅಳಿಸುವುದೆಂದರೆ ಪಟ್ಟಿಯಲ್ಲಿ ಹೆಸರು ಹೊಡೆಯುವುದು. ಆ ಜಾಗದಲ್ಲಿ ಬೇರೆಯವರನ್ನು ತಂದು ಕೂಡಿಸುವವರೆಗೆ ಹಳೆಯವರು ಏಳುವುದಿಲ್ಲ.

ಹಾಗಾಗಿ ನಾನು ನನ್ನದೇ ಪದ್ಧತಿ ಮಾಡಿಕೊಂಡೆ. ಟೈಪಿಂಗ್ ಕಲಿಯುವಾಗಿನ ಮೊದಲ ಪಾಠ ನೆನಪಿದೆಯಲ್ಲ, ಎ ಎಸ್ ಡಿ ಎಫ್ ಜಿ ಎಫ್, ಅದನ್ನೇ ಒಂದು ದೊಡ್ಡ ಫೈಲು ಮಾಡುವುದು. ಅಳಿಸಬೇಕಾದದ್ದನ್ನು ಅಳಿಸಿ, ಆ ಫೈಲನ್ನು ನಕಲಿನ ಮೇಲೆ ನಕಲು ಮಾಡಿ, ಇನ್ನು ಜಾಗವಿಲ್ಲ ಎಂದು ಡಿಸ್ಕು ತಾನೇ ಕೈಮುಗಿಯುವವರೆಗೆ ತುಂಬುವುದು. ಆಮೇಲೆ ಅದನ್ನೂ ಅಳಿಸುವುದು. ಅನಂತರ ಯಾರು ಕೆದಕಿದರೂ ಅವರಿಗೆ ಸಿಗುವುದು ಟೈಪಿಂಗ್ ಪಾಠ ಮಾತ್ರ. ಕಲಿತರೆ ಅವರಿಗೇ ಒಳ್ಳೆಯದು.

ಇಷ್ಟು ಬಲ್ಲವಳಾದ ಮೇಲೆ ಬಂದದ್ದು ಚನ್ನಬಸಪ್ಪ ಮಾಸ್ತರರ ಪ್ರಕರಣ.

ಮಾಸ್ತರರು ನೆಲೋಗಿಯವರು. ನಿವೃತ್ತಿಯಾದ ಮೇಲೆ ಜೇವರ್ಗಿಯಲ್ಲಿ ಮನೆ ಮಾಡಿ, ಹೆಣ್ಣು ಗಂಡು ಕೂಡಿಸುವ ಸೇವೆ ಹಿಡಿದಿದ್ದರು. ಮೂರು ತಾಲ್ಲೂಕುಗಳ ವರ ಕನ್ಯೆಯರ ಹೆಸರುಗಳು ಅವರ ಬಳಿ ಇದ್ದವು. ವಹಿಗಳು ತುಂಬಿ ಹೋದವೆಂದು ಮನೆಗೊಂದು ಕಂಪ್ಯೂಟರ್ ತಂದರು. ಅವರ ಹೆಂಡತಿ ನೀಲಮ್ಮ ಅದಕ್ಕೆ ಕ್ರೋಶಾದ ಹೊದಿಕೆ ಹೆಣೆದರು. ಭಾನುವಾರ ಭಾನುವಾರ ನಾನು ಹೋಗಿ ವಹಿಯಲ್ಲಿದ್ದದ್ದನ್ನು ಕಂಪ್ಯೂಟರಿಗೆ ಹಾಕುತ್ತಿದ್ದೆ. ಕನ್ನಡದಲ್ಲಿ ಹೊಡೆಯಲು ಒಂದು ಪ್ರೋಗ್ರಾಮ್ ಇತ್ತು. ಅದನ್ನು ಯಾರೂ ಕದಿಯಬಾರದೆಂದು ಕಂಪ್ಯೂಟರಿನ ಬೆನ್ನಿಗೆ ಒಂದು ಪುಟ್ಟ ಬೀಗ ಚುಚ್ಚಬೇಕು, ಆ ಬೀಗ ಇದ್ದರೆ ಮಾತ್ರ ಕನ್ನಡ ಮೂಡುತ್ತದೆ. ಈ ಬೀಗವನ್ನು ನೆನಪಿಡಿ. ಅದನ್ನು ನೆನಪಿಡಬೇಕಾಗಿದ್ದ ನಾನು ಮರೆತೆ.

ಮಾಸ್ತರರ ಪಟ್ಟಿಯಲ್ಲಿ ಹೆಸರು, ಊರು, ಓದು, ಎತ್ತರ ಎಲ್ಲ ಆದ ಮೇಲೆ ಕೊನೆಗೆ ‘ಷರಾ’ ಎಂದು ಒಂದು ಕಾಲಮ್ಮು. ಶಾಲೆಯ ತಪಾಸಣೆಗೆ ಬಂದ ಸಾಹೇಬರು ತಮ್ಮ ಅಭಿಪ್ರಾಯ ಬರೆಯುತ್ತಿದ್ದ ಜಾಗವದು, ಮಾಸ್ತರರಿಗೆ ಅದಿಲ್ಲದೆ ಯಾವ ಪಟ್ಟಿಯೂ ಪಟ್ಟಿಯಲ್ಲ. ‘ಹುಡುಗ ಸಾದಾ, ತಾಯಿ ಸಾದಾ ಅಲ್ಲ.’ ‘ಫೋಟೋದಲ್ಲಿರುವ ಬಣ್ಣ ಫೋಟೋದವನದು.’ ಇಂಥವು ಎಲ್ಲರ ಮನೆಗೂ ಹೊಂದುವುದರಿಂದ ಬರೆಯಲು ಅಡ್ಡಿಯಿಲ್ಲ. ಆದರೆ ಕೆಲವು ಹಾಗಿರಲಿಲ್ಲ. ಹೆತ್ತವರು ಮಾಸ್ತರರನ್ನು ನಂಬಿ, ಮನೆಯ ಒಳಗಿನ ಮಾತು ಹೇಳುತ್ತಿದ್ದರು. ಮಾಸ್ತರರು ಕಣ್ಣು ತುಂಬಿಕೊಂಡು ಕೇಳಿ, ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ ಎಂದು ಲಿಂಗ ಮುಟ್ಟಿ ಹೇಳಿ, ಅವರು ಓಣಿ ತಿರುಗುವ ಮೊದಲೇ ನನಗೆ ‘ಷರಾದೊಳಗ ಹಾಕವಾ’ ಅನ್ನುತ್ತಿದ್ದರು.

ಅತನೂರಿನ ಶಿವಲೀಲಾಳ ತಾಯಿ ಬಂದದ್ದೂ ಹೀಗೆಯೇ. ಶಿವಲೀಲಾ ಹೊಲಿಗೆ ಕಲಿಸುವ ಹುಡುಗಿ, ಚುರುಕು. ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಮಗಳ ಬಗ್ಗೆ ಒಂದು ಮಾತು ಹೇಳಿದಳು. ಅದು ತಪ್ಪಲ್ಲ, ರೋಗವಲ್ಲ, ಯಾರ ಮಗಳಿಗಾದರೂ ಆಗಬಹುದಾದದ್ದು. ಆದರೆ ನಮ್ಮ ಕಡೆ ಹೆಣ್ಣಿನ ಬಗ್ಗೆ ಅಂಥ ಒಂದು ಸಾಲು ಹೊರಬಿದ್ದರೆ ಮೂರು ತಾಲ್ಲೂಕಿನಲ್ಲಿ ಯಾರೂ ಅವಳ ಮನೆಯ ಹೊಸಿಲು ತುಳಿಯುವುದಿಲ್ಲ. ‘ಯಾರಿಗೂ ಹೇಳಬ್ಯಾಡ್ರಿ’ ಎಂದು ಆಕೆ ಮೂರು ಸಲ ಕೈಮುಗಿದಳು. ಮಾಸ್ತರರು ಆ ಮಾತನ್ನೂ ಬಿಡದೆ ಬರೆಸಿದರು. ‘ಯಾರಿಗೂ ಹೇಳಬಾರದು’ ಎಂದು ನಾನೇ ಹೊಡೆದೆ.

ಶಿವಲೀಲಾಳಿಗೆ ಮಾಸ್ತರರು ಕೂಡಿಸಿದ ಗಂಡು ಅಫಜಲಪುರದ ವೀರೇಶ. ಟೈಪಿಂಗ್ ಅಂಗಡಿ ಹಾಕಬೇಕೆಂದಿದ್ದ ಹುಡುಗ, ತಂದೆಯಿಲ್ಲ, ತಾಯಿ ಕಸ್ತೂರಬಾಯಿ. ಅವನ ಷರಾದಲ್ಲೂ ಒಂದು ಸಾಲು ಇತ್ತು. ಎಡಗಿವಿ ಕೇಳುವುದಿಲ್ಲ, ತಾಯಿಯ ಹೊರತು ಯಾರಿಗೂ ಗೊತ್ತಿಲ್ಲ, ಹೆಣ್ಣು ನೋಡುವ ದಿನ ಬೀಗರನ್ನು ಬಲಗಡೆಗೇ ಕೂಡಿಸಬೇಕು. ಇದನ್ನು ನಾನು ಇಲ್ಲಿ ಬರೆಯಲು ಕಾರಣ, ಮುಂದೆ ಅದು ಗುಟ್ಟಾಗಿ ಉಳಿಯದೇ ಹೋದದ್ದು. ಹೆಣ್ಣು ನೋಡುವ ದಿನ ಮಾಸ್ತರರೇ ಮುಂದೆ ನಿಂತು ಜಮಖಾನೆ ಹಾಸಿಸಿ, ಯಾರು ಎಲ್ಲಿ ಕೂಡಬೇಕೆಂದು ಹೇಳಿದರಂತೆ. ಎರಡೂ ಕಡೆ ಒಪ್ಪಿಗೆಯಾಯಿತು, ಮದುವೆಯ ದಿನ ಗೊತ್ತಾಯಿತು.

ಆಗಲೇ ಮಾಸ್ತರರ ಮನೆಗೆ ಬಣ್ಣದ ಪರದೆಯ ಹೊಸ ಕಂಪ್ಯೂಟರ್ ಬಂತು. ಹಳೆಯದನ್ನು ಏನು ಮಾಡುವುದು? ವೀರೇಶನಿಗೆ ಮದುವೆಯ ಉಡುಗೊರೆಯಾಗಿ ಆಯೇರಿ ಕೊಟ್ಟರೆ ಅವನ ಅಂಗಡಿಗೆ ಆಗುತ್ತದೆ ಎಂದು ನಿಶ್ಚಯಿಸಿದರು. ಅದರೊಳಗೆ ಅವನು ಮದುವೆಯಾಗುವ ಹುಡುಗಿಯ ಷರಾ ಇದೆ ಎಂದು ನಾನು ನೆನಪಿಸಿದಾಗ, ಅದಕ್ಕೇ ನಿನ್ನನ್ನು ಕರೆಸಿದ್ದು, ಎಲ್ಲ ಒರೆಸಿಬಿಡು ಎಂದರು.

ಒರೆಸಿದೆ. ಪಟ್ಟಿಯನ್ನೆಲ್ಲ ಮೊದಲು ಫ್ಲಾಪಿಗಳಿಗೆ ಹಾಕಿಕೊಂಡೆ, ಮಾಸ್ತರರು ತಮ್ಮ ಮುದ್ದಾದ ಅಕ್ಷರದಲ್ಲಿ ಅವುಗಳ ಮೇಲೆ ‘ಮದುವೆ’ ಎಂದು ಬರೆದರು. ಕನ್ನಡದ ಬೀಗವನ್ನು ಕಿತ್ತು ಹೊಸ ಕಂಪ್ಯೂಟರಿಗೆ ಚುಚ್ಚಿದೆ. ಹಳೆಯದನ್ನು ಫಾರ್ಮ್ಯಾಟ್ ಮಾಡಿ, ಮಧ್ಯಾಹ್ನದಿಂದ ಸಂಜೆಯವರೆಗೆ ಕೂತು ಎ ಎಸ್ ಡಿ ಎಫ್ ತುಂಬಿ, ಅದನ್ನೂ ಅಳಿಸಿ, ಯಂತ್ರ ಏಳಲು ಬೇಕಾದಷ್ಟನ್ನು ಮಾತ್ರ ಉಳಿಸಿದೆ. ಖಾಜಾಸಾಬರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದುಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ಬಂದೆ.

ಎರಡು ದಿನ ಬಿಟ್ಟು ಹೋದಾಗ ಹಳೆಯ ಕಂಪ್ಯೂಟರ್ ಅಫಜಲಪುರಕ್ಕೆ ಹೋಗಿ ಆಗಿತ್ತು. ಖಾಲಿ ಮಾಡಿದ್ದೆನಲ್ಲ, ಸಲೀಸಾಗಿ ಹೋಯಿತೇ ಎಂದು ಕೇಳಿದೆ. ನೀಲಮ್ಮನವರಿಗೆ ಆ ಮಾತು ಸೇರಲಿಲ್ಲ.

“ಮದಿವಿ ಮನಿಗೆ ಖಾಲಿ ಡಬ್ಬಿ ಕಳಸ್ತಾರೇನವಾ? ನಿಂಗ ಅಷ್ಟೂ ತಿಳಿಯಂಗಿಲ್ಲೇನು?” ಅಂದರು. “ನಾ ಒಂದ್ ಹಿಡಿ ಜ್ವಾಳ ಹಾಕೀನಿ. ನಿಮ್ಮ ಮಾಸ್ತರೂ ಒಳಗ ಏನೋ ಹಾಕ್ಯಾರ.”

ನಮ್ಮಲ್ಲಿ ಹಾಗೆಯೇ. ಪಕ್ಕದ ಮನೆಯಿಂದ ಬಟ್ಟಲಲ್ಲಿ ಏನಾದರೂ ಬಂದರೆ ಬಟ್ಟಲನ್ನು ಬರಿದಾಗಿ ತಿರುಗಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ. ಇದು ಬಹಳ ಒಳ್ಳೆಯ ಪದ್ಧತಿ. ಆದರೆ ನಾನು ಮಾಸ್ತರರ ಕಡೆ ನೋಡಿದಾಗ ಅವರು ಬೋರ್ಡಿನ ಮೇಲೆ ಸರಿಯಾಗಿ ಲೆಕ್ಕ ಬಿಡಿಸಿದ ಹುಡುಗನಂತೆ ನಗುತ್ತಿದ್ದರು.

“ನೀನ ಕಲಿಸಿದಂಗ ಕಾಪಿ ಮಾಡೀನಿ, ಶಾಂತಾಬಾಯಿ. ಇನ್ನೊಂದು ಫ್ಲಾಪಿಯೊಳಗ ಬರೇ ಪೆನ್ಶನ್ ತಕರಾರು ಇದ್ವು, ಶುಭಕಾರ್ಯಕ್ಕ ಅವನ್ನ ಹೆಂಗ ಹಾಕ್ಲಿ? ಮದಿವಿ ಮನಿಗೆ ಹೊಂಟದಂತ ‘ಮದುವೆ’ ಫ್ಲಾಪಿನೇ ಹಾಕೀನಿ.”

ಮೂವತ್ತೈದು ವರ್ಷ ಮಕ್ಕಳು ಕಾಪಿ ಹೊಡೆಯದಂತೆ ಕಾದ ಮನುಷ್ಯನಿಗೆ ಕಾಪಿ ಮಾಡಲು ಕಲಿಸಿದವಳು ನಾನೇ. ಆ ಫ್ಲಾಪಿಯಲ್ಲಿ ಷರಾ ಕಾಲಮ್ಮೂ ಇದೆ ಎಂದೆ. ಮಾಸ್ತರರ ನಗು ಇಳಿಯಿತು. ಅಲ್ಲಿ ಅದನ್ನು ಯಾರು ಓದುತ್ತಾರೆ ಎಂದು ಕೇಳಿದರು. ನಾನು ಚಪ್ಪಲಿ ಮೆಟ್ಟಿದೆ.

ಅಫಜಲಪುರದ ಬಸ್ಸಿನಲ್ಲಿ ಕೂತು ನಾನು ಕಂಡದ್ದು ಶಿವಲೀಲಾಳ ತಾಯಿಯ ಮುಗಿದ ಕೈಗಳನ್ನೇ. ಆ ಸಾಲನ್ನು ಹೊಡೆದ ಬೆರಳುಗಳು ನನ್ನವು. ವೀರೇಶ ಓದಿದರೆ ತಾಯಿಗೆ ಹೇಳುತ್ತಾನೆ, ತಾಯಿ ಓಣಿಗೆ ಹೇಳುತ್ತಾಳೆ, ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುವುದಿಲ್ಲ. ಮದುವೆ ಮುರಿದರೆ ಆ ಹುಡುಗಿಯ ಮೇಲೆ ಎರಡನೆಯ ಷರಾ ಬರುತ್ತದೆ, ಅದನ್ನು ಬರೆಯಲು ಕಂಪ್ಯೂಟರೂ ಬೇಕಾಗುವುದಿಲ್ಲ. ಏನು ನೆಪ ಹೇಳಿ ಆ ಯಂತ್ರ ಮುಟ್ಟುವುದು ಎಂದು ಯೋಚಿಸಿ, ಕೊನೆಗೆ ವೈರಸ್ ಎಂದು ಹೇಳುವುದೇ ಸರಿ ಎಂದು ನಿರ್ಧರಿಸಿದೆ.

ಕಸ್ತೂರಬಾಯಿ ಆದರದಿಂದ ಒಳಗೆ ಕರೆದರು. ಕಂಪ್ಯೂಟರಿನ ಹಣೆಗೆ ವಿಭೂತಿ, ಕುಂಕುಮ ಆಗಿದ್ದವು. ಅದಕ್ಕೆ ವೈರಸ್ ಹತ್ತಿರಬಹುದು, ತೊಳೆದು ಹೋಗಲು ಬಂದೆ ಎಂದೆ. ಅವರು ಉಪ್ಪಿನಕಾಯಿಯ ಭರಣಿಯನ್ನು ಎತ್ತಿ ಒಳಮನೆಗೆ ಸಾಗಿಸಿದರು. ಹೋಗುವ ಮುಂಚೆ ನನಗೆ ಕೂಡಲು, ಯಂತ್ರದ ಮುಂದೆ ಕೂತಿದ್ದ ವೀರೇಶನ ಎಡಗಡೆ, ಜಾಗ ಇದ್ದಲ್ಲಿ, ಸ್ಟೂಲು ಹಾಕಿಕೊಟ್ಟರು. ನಾನು ಅದನ್ನು ಎತ್ತಿ, ಗೋಡೆ ಮತ್ತು ಮೇಜಿನ ನಡುವಿನ ಸಂದಿಯಲ್ಲಿ ತೂರಿಸಿ, ಅವನ ಬಲಗಡೆಗೆ ಕೂತೆ.

ವೀರೇಶ ಒಳ್ಳೆಯ ಹುಡುಗ. ಫ್ಲಾಪಿ ಹಾಕುವ ಸೀಳಿನಿಂದ ನಾಲ್ಕು ಕಾಳು ಜೋಳ ಬಂದವು ಎಂದು ನಗುತ್ತಾ ತೋರಿಸಿದ. ಆಮೇಲೆ, “ನೀವು ಅಂದಿದ್ದು ಖರೇ ಇರಬೇಕ್ರಿ. ಇದೊಂದು ಫೈಲ್ ಬೆಳಗ್ಗಿಂದ ನೋಡಾಕತ್ತೇನಿ, ಏನೂ ತಿಳಿವಲ್ದು,” ಅಂದ. ತೆರೆದು ತೋರಿಸಿದ. ಪರದೆಯ ತುಂಬ ಇರುವೆ ಹರಿದಾಡಿದ ಹಾಗೆ ಗೆರೆ, ಚುಕ್ಕೆ, ಕೊಂಬು. ಒಂದೇ ಒಂದು ಕನ್ನಡ ಅಕ್ಷರವಿಲ್ಲ.

ಆಗ ನನಗೆ ಆ ಬೀಗ ನೆನಪಾಯಿತು. ಅದಿಲ್ಲದೆ ಕನ್ನಡ ಮೂಡುವುದಿಲ್ಲ, ಅದು ಜೇವರ್ಗಿಯಲ್ಲಿ ಮಾಸ್ತರರ ಹೊಸ ಕಂಪ್ಯೂಟರಿನ ಬೆನ್ನಿಗೆ ಇದೆ, ಚುಚ್ಚಿದವಳು ನಾನೇ. ಇಪ್ಪತ್ತೈದು ವರ್ಷದ ಅನುಭವ ಇಟ್ಟುಕೊಂಡು, ಎರಡು ಬಸ್ಸು ಹತ್ತಿ ಇಳಿದು, ಗುಡ್ಡ ಅಗೆದು ಇಲಿ ಹಿಡಿದಿದ್ದೆ. ಸದ್ಯ, ಹುಡುಗಿ ಉಳಿದಳು ಎಂದು ಕಣ್ಣಲ್ಲಿ ನೀರೂ ಬಂತು. ಹೇಗೂ ಬಂದಿದ್ದೇನೆಂದು ಫೈಲು ಅಳಿಸಿ, ಅದರ ಜಾಗಕ್ಕೆ ಎ ಎಸ್ ಡಿ ಎಫ್ ತುಂಬಲು ಹಚ್ಚಿದೆ. ವೀರೇಶ ಪರದೆ ನೋಡುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದ.

“ಅಕ್ಕಾರ, ಅವ್ವ ಸ್ಟೂಲ್ ಎಡಕ್ಕ ಹಾಕಿದ್ಳು. ನೀವ್ಯಾಕ ಎತ್ತಿ ಬಲಕ್ಕ ತಂದ್ರಿ?”

ಬೆಳಕಿಗೆ ಎಂದೆ. ಹೇಳಿದ ಮೇಲೆ ನೋಡಿದರೆ ಕಿಟಕಿ ಎಡಗಡೆ ಇತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ನಾನು ಯಾರೂ ಅನ್ನುವ ಮೊದಲೇ ಮುಟ್ಟಿಕೊಂಡಿದ್ದೆ. ಯಂತ್ರ ಬಾಯಿ ಬಿಟ್ಟಿರಲಿಲ್ಲ. ಅದನ್ನು ತೊಳೆಯಲು ಬಂದ ನಾನೇ, ತುಟಿ ಬಿಚ್ಚದೆ, ಬರೀ ಒಂದು ಸ್ಟೂಲು ಎತ್ತಿ ಎಲ್ಲ ಹೇಳಿದ್ದೆ. ತಲೆಯಲ್ಲಿ ಸ್ಟಾಪ್ ಕೊಡಬೇಡ ಎಂದಿದ್ದರು ಖಾಜಾಸಾಬರು. ನೋಡಿದರೆ ಮೂರು ತಾಲ್ಲೂಕಿನ ಮಂದಿ ಅಲ್ಲಿ ಇಳಿದು ಮನೆ ಕಟ್ಟಿಕೊಂಡಿದ್ದರು.

“ಮಾಸ್ತರು ಬರದಿಟ್ಟಾರೇನ್ರಿ ನಂದು?” ಎಂದು ಕೇಳಿದ. ನಾನು ಕೀಬೋರ್ಡಿನ ಮೇಲಿನ ಧೂಳು ಒರೆಸಿದೆ. ಅವನು ದನಿ ತಗ್ಗಿಸಿದ. “ನಂದು ಬರದಾರಂದ್ರ ಆಕೀದೂ ಏನರ ಬರದಿರಬೇಕಲ್ರಿ. ಏನದ ಅದು?”

ಇದಕ್ಕೆ ಯಾವ ಕಮಾಂಡೂ ಇಲ್ಲ. ಇಲ್ಲ ಎಂದರೆ ಅವನು ನಂಬುವುದಿಲ್ಲ, ಇದೆ ಎಂದರೆ ಉಳಿದದ್ದನ್ನು ಊರೇ ಊಹಿಸಿ ಬರೆದುಕೊಳ್ಳುತ್ತದೆ. ಶಿವಲೀಲಾಳ ಮದುವೆ ಆಗ ನನ್ನ ನಾಲಿಗೆಯ ತುದಿಯಲ್ಲಿ ಇತ್ತು. ಒಳಮನೆಯಲ್ಲಿ ಕಸ್ತೂರಬಾಯಿ ಪಾತ್ರೆ ಸರಿಸುವ ಸದ್ದು ಕೇಳುತ್ತಿತ್ತು.

“ಅದ ಅಂತನೂ ಹೇಳಂಗಿಲ್ಲ, ಇಲ್ಲ ಅಂತನೂ ಹೇಳಂಗಿಲ್ಲ ತಮ್ಮಾ,” ಅಂದೆ. “ನಾಳೆ ಆಕಿ ಬಂದು ನಿಂದೇನದ ಅಂತ ಕೇಳ್ತಾಳ. ನಿಂಗ ಹೇಳಿದ್ರ ಆಕಿಗೂ ಹೇಳಬೇಕಾಗ್ತದ. ಹೇಳ್ಲೇನು?”

ಅವನ ಕೈ ತಾನಾಗಿ ಎಡಗಿವಿಗೆ ಹೋಯಿತು.

“ಬ್ಯಾಡ್ರಿ,” ಅಂದ. “ನಾನೇ ಹೇಳ್ತೇನಿ.”

ಜೇವರ್ಗಿಗೆ ಬಂದ ಮೇಲೆ ಮೂರು ವಾರ ನನಗೆ ಅನ್ನ ಸೇರಲಿಲ್ಲ. ಏನಾಯಿತೆಂದು ವಿಚಾರಿಸುವ ಹಾಗೂ ಇಲ್ಲ, ವಿಚಾರಿಸಿದರೆ ಯಾಕೆ ವಿಚಾರಿಸುತ್ತಾಳೆ ಎಂದು ಇನ್ನೊಬ್ಬರು ವಿಚಾರಿಸುತ್ತಾರೆ. ಮಾಸ್ತರರು ಮಾತ್ರ ಪಾಠ ಕಲಿತಿದ್ದರು. ಷರಾ ಕಾಲಮ್ಮನ್ನು ಕಂಪ್ಯೂಟರಿನಿಂದಲೂ ಫ್ಲಾಪಿಗಳಿಂದಲೂ ತೆಗೆಸಿ, ಅದನ್ನೆಲ್ಲ ಸ್ವಹಸ್ತದಿಂದ ಒಂದು ವಹಿಗೆ ಬರೆದು, ವಹಿಯನ್ನು ಅಲಮಾರಿಯಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಎಲ್ಲಿ ಎಂದು ನೋಡಿದೆ. ಪಕ್ಕದ ಮೊಳೆಗೆ ತೂಗುತ್ತಿತ್ತು.

ಕೊನೆಗೆ ಲಗ್ನಪತ್ರಿಕೆ ಬಂತು. ಅತನೂರಿಗೆ ಮದುವೆಗೆ ಹೋದೆ. ತಾಳಿ ಕಟ್ಟಿ ಅಕ್ಕಿಕಾಳು ಬಿದ್ದ ಮೇಲೆ, ಹೆಂಡತಿಯಾದವಳು ಗಂಡನ ಎಡಗಡೆಗೆ ಕೂಡಬೇಕು ಎಂದು ಮದುವೆ ಮಾಡಿಸುತ್ತಿದ್ದ ಅಯ್ಯನವರು ಹೇಳಿದರು. ಶಿವಲೀಲಾ ಬಲಗಡೆಯಿಂದ ಏಳಲಿಲ್ಲ. ಅಯ್ಯನವರು ಮತ್ತೊಮ್ಮೆ ಹೇಳಿದರು. ಮಾಸ್ತರರು ಮುಂದಿನ ಸಾಲಿನಲ್ಲಿ ಕೂತು ತಮ್ಮ ಪೇಟ ಸರಿಮಾಡಿಕೊಳ್ಳುತ್ತಿದ್ದರು.

“ನಾ ಇಲ್ಲೇ ಕೂಡ್ತೇನ್ರಿ,” ಅಂದಳು ಶಿವಲೀಲಾ, ಹಂದರಕ್ಕೆಲ್ಲ ಕೇಳುವಂತೆ. “ಎಡಕ್ಕ ಕೂತ್ರ ನಾ ಅಂದಿದ್ದು ಇವ್ರಿಗೆ ಕೇಳ್ಸಂಗಿಲ್ಲ.”

ವೀರೇಶ ಮೊದಲು ನಕ್ಕ. ಆಮೇಲೆ ಅತನೂರಿನವರೆಲ್ಲ ನಕ್ಕರು. ಕಸ್ತೂರಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅಯ್ಯನವರು ಶಾಸ್ತ್ರದಲ್ಲಿ ಇದಕ್ಕೂ ಅವಕಾಶವಿದೆ ಎಂದರು. ನಾನು ಆಯೇರಿ ಕೊಡಲು ಹೋದಾಗ ಈ ಸಲ ಮರೆಯದೆ ಎಡಗಡೆ ಹೋಗಿ ನಿಂತೆ, ಏನೂ ಗೊತ್ತಿಲ್ಲದವಳ ಹಾಗೆ. ಚೆಂದಾಗಿ ಬಾಳಿರಿ ಎಂದು ಹರಸಿದೆ. ಅವನಿಗೆ ಕೇಳಿಸಲಿಲ್ಲ. ಶಿವಲೀಲಾ ಅವನ ಬಲಗಿವಿಯ ಹತ್ತಿರ ಬಾಗಿ, ‘ಅಕ್ಕಾರು ಬಂದಾರ, ನಮಸ್ಕಾರ ಮಾಡ್ರಿ’ ಎಂದಳು.

ಅವಳು ತನ್ನದನ್ನು ಅವನಿಗೆ ಹೇಳಿದಳೋ ಇಲ್ಲವೋ ನನಗೆ ತಿಳಿಯದು, ನಾನು ಕೇಳಲೂ ಇಲ್ಲ. ಆ ಸಾಲು ಈಗ ಯಾವ ಡಿಸ್ಕಿನಲ್ಲೂ ಇಲ್ಲ. ಮಾಸ್ತರರು ತೀರಿಕೊಂಡ ವರ್ಷ ನೀಲಮ್ಮನವರು ಆ ವಹಿಯನ್ನು ನನ್ನ ಕೈಗೆ ಕೊಟ್ಟರು, ನೀರಿನ ಒಲೆಗೆ ಹಾಕಿದೆ. ಉಳಿದಿರುವುದು ನನ್ನ ತಲೆಯಲ್ಲಿ. ಅದನ್ನು ತುಂಬಲು ಎಷ್ಟು ಎ ಎಸ್ ಡಿ ಎಫ್ ಹಾಕಿದರೂ ಸಾಲುತ್ತಿಲ್ಲ. ಇಷ್ಟು ದೂರ ಓದಿದ ನಿಮಗೆ ಅವಳ ಷರಾದಲ್ಲಿ ಏನಿತ್ತೆಂದು ತಿಳಿಯುವ ಆಸೆ ಆಗಿರಬಹುದು. ಆಗಿದ್ದರೆ ದಯವಿಟ್ಟು ಈ ಕೆಲಸಕ್ಕೆ ಸೇರಬೇಡಿ.